ಡಬ್ಬಿ ಸೇರಿದ್ದ ಹಲ್ಲಿನ ಸೆಟ್: ಒಬ್ಬ ನಿವೃತ್ತ ಮೇಷ್ಟ್ರ ಪ್ರಕರಣ

ಪೂರ್ತಿ ಹಲ್ಲು ಕಟ್ಟಿಸಿಕೊಂಡವರಲ್ಲಿ ಎಷ್ಟೋ ಜನ ಕೆಲವೇ ವಾರಗಳಲ್ಲಿ ಸೆಟ್ಟನ್ನು ಡಬ್ಬಿಗೆ ಹಾಕಿ ಇಟ್ಟುಬಿಡುತ್ತಾರೆ. ಮನೆಯವರು "ದುಡ್ಡು ದಂಡ" ಅನ್ನುತ್ತಾರೆ. ಕಟ್ಟಿಸಿಕೊಂಡವರು "ನನ್ನ ಬಾಯಿಗೆ ಒಗ್ಗಲಿಲ್ಲ" ಅನ್ನುತ್ತಾರೆ. ಹಲ್ಲು ಮಾಡಿಕೊಟ್ಟ ಡಾಕ್ಟರಿಗೆ ವಿಷಯವೇ ಗೊತ್ತಾಗುವುದಿಲ್ಲ, ಯಾಕೆಂದರೆ ಅವರು ಮತ್ತೆ ಆಸ್ಪತ್ರೆಯ ಕಡೆ ಬರುವುದೇ ಇಲ್ಲ. ಹಾಗೆ ಡಬ್ಬಿ ಸೇರಿದ್ದ ಒಂದು ಸೆಟ್ ಮತ್ತೆ ಬಾಯಿಗೆ ಬಂದ ಪ್ರಕರಣ ಇದು. ಹಲ್ಲಿನ ಡಾಕ್ಟರಾಗಿ ನಾನೇ ನೋಡಿದ್ದು. ಹೆಸರು, ಊರು ಹೇಳುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ಅವರು ಹಳೇ ಮೈಸೂರು ಕಡೆಯ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದವರು. ವಯಸ್ಸು ಎಪ್ಪತ್ತರ ಹತ್ತಿರ. ನಿವೃತ್ತಿಯಾಗಿ ವರ್ಷಗಳಾದರೂ ಊರಿನ ಎಲ್ಲ ಕಾರ್ಯಕ್ರಮಗಳಲ್ಲೂ ಅವರದೊಂದು ಭಾಷಣ ಇರಲೇಬೇಕು. ಮಾತು ಅವರ ಆಸ್ತಿ. ಸಕ್ಕರೆ ಕಾಯಿಲೆ ಹದಿನೈದು ವರ್ಷದಿಂದ ಇದೆ, ಬಿಪಿ ಮಾತ್ರೆಯೂ ನಡೆಯುತ್ತಿದೆ. ಊಟ ಆದ ಮೇಲೆ ಎಲೆ ಅಡಿಕೆ ಅಭ್ಯಾಸ ಇತ್ತು.

ಹಲ್ಲು ಹೋಗಿದ್ದು ಹುಳುಕಿನಿಂದ ಅಲ್ಲ, ಒಸಡಿನ ಕಾಯಿಲೆಯಿಂದ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಒಸಡಿನ ಕಾಯಿಲೆ ಜೋರಾಗುತ್ತದೆ, ಹಲ್ಲನ್ನು ಹಿಡಿದಿರುವ ಮೂಳೆ ಕರಗುತ್ತದೆ. ಮೇಷ್ಟ್ರ ದವಡೆ ಹಲ್ಲುಗಳು ಒಂದೊಂದಾಗಿ ಅಲ್ಲಾಡಿ ಬಿದ್ದು ಎಷ್ಟೋ ವರ್ಷ ಆಗಿತ್ತು. ಮುಂದೆ ಉಳಿದಿದ್ದ ಕೆಲವನ್ನು ನಾವು ಕಿತ್ತೆವು. ಗಾಯ ಮಾಗಿ ಒಸಡು ಗಟ್ಟಿಯಾಗಲೆಂದು ಎರಡೂವರೆ ತಿಂಗಳು ಕಾದು, ಆಮೇಲೆ ಅಳತೆ ತೆಗೆದೆವು.

ಇಲ್ಲಿ ಒಂದು ವಿಷಯ ಗಮನಿಸಬೇಕು. ದವಡೆ ಹಲ್ಲಿಲ್ಲದೆ ವರ್ಷಗಟ್ಟಲೆ ಊಟ ಮಾಡಿದವರು ಬೇರೆಯೇ ಒಂದು ದಾರಿ ಕಂಡುಕೊಂಡಿರುತ್ತಾರೆ. ಅನ್ನವನ್ನು ನಾಲಿಗೆಯಿಂದ ಅಂಗುಳಕ್ಕೆ ಒತ್ತಿ, ನುರಿದು ನುಂಗುತ್ತಾರೆ. ಹಲ್ಲಿದ್ದ ಜಾಗಕ್ಕೂ ನಾಲಿಗೆ ಹರಡಿಕೊಂಡಿರುತ್ತದೆ. ಮೇಷ್ಟ್ರದ್ದೂ ಹಾಗೇ ಆಗಿತ್ತು. ಇದರ ಜೊತೆಗೆ ಅವರ ಮುಖ್ಯ ಊಟ ರಾಗಿಮುದ್ದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಹಾಗಾಗಿ ಹಲ್ಲಿಲ್ಲದ ಕೊರತೆ ಅವರಿಗೆ ತಟ್ಟೆಯ ಮುಂದೆ ಅಷ್ಟಾಗಿ ಕಾಡಿರಲಿಲ್ಲ. ಕಾಡಿದ್ದು ಮೈಕಿನ ಮುಂದೆ.

ಸೆಟ್ ಮಾಡುವ ಕೆಲಸ ಎಂದಿನಂತೆ ನಡೆಯಿತು. ಮೊದಲ ಅಳತೆ, ಎರಡನೇ ನಿಖರ ಅಳತೆ, ಮೇಲಿನ ಕೆಳಗಿನ ದವಡೆ ಎಷ್ಟು ಅಂತರದಲ್ಲಿ ಕೂಡಬೇಕು ಎಂದು ಮೇಣದ ಪಟ್ಟಿ ಇಟ್ಟು ನೋಡುವುದು, ಮೇಣದಲ್ಲೇ ಹಲ್ಲು ಜೋಡಿಸಿ ಬಾಯಲ್ಲಿ ಇಟ್ಟು ನೋಡುವುದು, ಕೊನೆಗೆ ಅಕ್ರಿಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ತಯಾರಾದ ಸೆಟ್. ಮೇಣದ ಹಂತದಲ್ಲಿ ಹೆಂಡತಿಯನ್ನೂ ಒಳಗೆ ಕರೆದು ತೋರಿಸಿದೆವು. "ಮೊದಲಿನ ಹಾಗೇ ಇದ್ದಾರೆ" ಎಂದು ಅವರು ಖುಷಿಪಟ್ಟರು.

ಅಷ್ಟರಲ್ಲಿ ಮೇಷ್ಟ್ರು ಪಾಠ ಮಾಡಿದ್ದ ಶಾಲೆಯ ಶತಮಾನೋತ್ಸವದ ದಿನ ಹತ್ತಿರ ಬಂದಿತ್ತು. ಅವರು ಮಾತನಾಡಬೇಕಿತ್ತು. ಸೆಟ್ ರೆಡಿಯಾಗಿದ್ದು ಅದಕ್ಕೆ ಸರಿಯಾಗಿ ಒಂದು ವಾರ ಮುಂಚೆ. "ಕಾರ್ಯಕ್ರಮ ಮುಗಿಯಲಿ ಮೇಷ್ಟ್ರೇ, ಆಮೇಲೆ ಶುರು ಮಾಡೋಣ" ಎಂದೆ. "ಇಲ್ಲ ಡಾಕ್ಟ್ರೇ, ನೂರು ವರ್ಷದ ಸಮಾರಂಭ, ಬೊಚ್ಚು ಬಾಯಲ್ಲಿ ಹೇಗೆ ನಿಲ್ಲಲಿ?" ಎಂದರು. ಅವರ ಬಾಯಿ, ಅವರ ತೀರ್ಮಾನ. ಕೊಟ್ಟೆವು. ಒಂದು ವಾರದಲ್ಲಿ ಮಾತು ತಿದ್ದಿಕೊಳ್ಳುವುದು ಕಷ್ಟ ಎಂದು ಹೇಳಿಯೇ ಕೊಟ್ಟೆವು.

ಸಮಾರಂಭದ ದಿನ

ಸೆಟ್ ಕೊಟ್ಟ ಮರುದಿನದ ತಪಾಸಣೆಗೆ ಬಂದರು. ಒಂದೆರಡು ಕಡೆ ಒತ್ತುತ್ತಿದ್ದನ್ನು ಸರಿ ಮಾಡಿದೆವು. ಆಮೇಲೆ ಅವರ ಸುದ್ದಿಯೇ ಇಲ್ಲ.

ನಡೆದದ್ದು ಏನು ಎಂದು ನಂತರ ಗೊತ್ತಾಯಿತು. ವೇದಿಕೆಯಲ್ಲಿ ಮಾತು ಶುರು ಮಾಡಿದಾಗ "ಸನ್ಮಾನ್ಯ ಸಭಾಧ್ಯಕ್ಷರೇ" ಎನ್ನುವಷ್ಟರಲ್ಲೇ ಸೀಟಿಯ ಹಾಗೆ ಸದ್ದು ಬಂತು. ಬಾಯಿ ದೊಡ್ಡದಾಗಿ ತೆರೆದಾಗಲೆಲ್ಲ ಕೆಳಗಿನ ಸೆಟ್ ಎದ್ದು ಮೇಲಿನದಕ್ಕೆ ತಾಗಿ ಟಕ್ ಟಕ್ ಎಂದಿತು. ಮುಂದಿನ ಸಾಲಿನಲ್ಲಿ ಕೂತಿದ್ದವರು ಅವರ ಹಳೆಯ ವಿದ್ಯಾರ್ಥಿಗಳು. ಬಾಯಿಗೆ ಕರವಸ್ತ್ರ ಹಿಡಿದು ನಾಲ್ಕು ಮಾತಿನಲ್ಲಿ ಮುಗಿಸಿ ಕೆಳಗಿಳಿದರು. ಆ ದಿನದಿಂದ ಸೆಟ್ ಸ್ಟೀಲ್ ಡಬ್ಬಿ ಸೇರಿತು.

ಪೂರ್ತಿ ಸೇರಲಿಲ್ಲ ಅನ್ನಿ. ಮದುವೆ, ಬ್ಯಾಂಕು, ಬಸ್ಸು ಎಂದರೆ ಮೇಲಿನದನ್ನು ಹಾಕಿಕೊಳ್ಳುತ್ತಿದ್ದರು. ಊಟಕ್ಕೆ ಕೂರುವಾಗ ತೆಗೆದು ಲೋಟಕ್ಕೆ ಹಾಕುತ್ತಿದ್ದರು. ಬೇರೆಯವರು ನೋಡಲಿ ಎಂದು ಹಲ್ಲು, ತಾವು ತಿನ್ನಲು ಒಸಡು. ಹೀಗೆ ನಡೆದುಕೊಳ್ಳುವವರು ಬಹಳ ಜನ ಇದ್ದಾರೆ. ಹಾಗೆ ಮಾಡಿದರೆ ಬಾಯಿ ಕಲಿಯುವುದೇ ಇಲ್ಲ.

ಸಲಹೆಗಳು ಎಲ್ಲ ಕಡೆಯಿಂದ ಬಂದವು. ಹಲ್ಲು ಕಟ್ಟಿಸಿಕೊಂಡಿದ್ದ ಸ್ನೇಹಿತರೊಬ್ಬರು ಹುರಿಗಡಲೆ ಅಗಿಯಿರಿ, ಪಳಗುತ್ತೆ ಎಂದರು. ಅಗಿದರು, ಒಸಡು ಹುಣ್ಣಾಯಿತು. ಮೆಡಿಕಲ್ ಸ್ಟೋರಿನಿಂದ ಸೆಟ್ ಅಂಟಿಸುವ ಪುಡಿ ತಂದು ಜಾಸ್ತಿ ಜಾಸ್ತಿ ಹಾಕಿದರು, ಬಾಯೆಲ್ಲ ಅಂಟು ಅಂಟಾಗಿ ಊಟದ ರುಚಿಯೇ ಕೆಟ್ಟಿತು. ಕೆಳಗಿನ ಸೆಟ್ಟಿನ ಅಂಚು ಚುಚ್ಚುತ್ತದೆಂದು ಸ್ಯಾಂಡ್ ಪೇಪರಿನಿಂದ ತಾವೇ ಉಜ್ಜಲು ಹೊರಟಾಗ ಹೆಂಡತಿ ಕೈಯಿಂದ ಕಿತ್ತುಕೊಂಡರಂತೆ. ಅವರು ಹಾಗೆ ಮಾಡಿದ್ದು ಬಹಳ ದೊಡ್ಡ ಉಪಕಾರ. ಸೆಟ್ಟಿನ ಅಂಚು ಒಸಡಿನ ಸುತ್ತ ಒಂದೇ ಸಮ ಕೂತರೆ ಮಾತ್ರ ಒಳಗೆ ಗಾಳಿ ಹೋಗುವುದಿಲ್ಲ. ತಪ್ಪು ಜಾಗದಲ್ಲಿ ಒಂದಿಷ್ಟು ಉಜ್ಜಿದರೂ ಆ ಹಿಡಿತ ಹೋಗುತ್ತದೆ, ಮತ್ತೆ ಅದನ್ನು ತುಂಬುವುದು ಸುಲಭವಲ್ಲ.

ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಬೇರೆ ಮಾತು ಹೇಳಿದರು: "ಅಪ್ಪಾ, ಅದನ್ನ ಬಿಟ್ಟಾಕಿ. ಇಂಪ್ಲಾಂಟ್ ಹಾಕಿಸೋಣ." ಇಂಪ್ಲಾಂಟ್ ಅಂದರೆ ಆಪರೇಷನ್ ಮಾಡಿ ದವಡೆಯ ಮೂಳೆಯೊಳಗೆ ಕೂರಿಸುವ ಲೋಹದ ತಿರುಪು. ಮೇಷ್ಟ್ರಿಗೆ ಆಪರೇಷನ್ ಎಂದರೆ ಭಯ. ಹೀಗೆ ಒಂದೂವರೆ ತಿಂಗಳು ಕಳೆಯಿತು. ಕೊನೆಗೆ ಅವರನ್ನು ಕರೆದುಕೊಂಡು ಬಂದಿದ್ದು ಹೆಂಡತಿ. "ಇವರು ಈಗ ಯಾರ ಮನೆಗೂ ಊಟಕ್ಕೆ ಹೋಗಲ್ಲ ಡಾಕ್ಟ್ರೇ, ಊರಲ್ಲಿ ಮಾತಾಡೋದೇ ಕಮ್ಮಿ ಮಾಡಿದ್ದಾರೆ. ಅದಕ್ಕೇ ಬಂದೆ" ಎಂದರು.

ಹೊಸ ಸೆಟ್ ಮಾಡುವುದೇ, ಬೇಡವೇ?

ಇಂಥ ಹೊತ್ತಿನಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ಮೇಷ್ಟ್ರು ಕೂಡ ಕೇಳಿದರು. ಉತ್ತರ ಹೇಳುವ ಮೊದಲು ಸೆಟ್ಟನ್ನು ಹೊಸದಾಗಿ ನೋಡುವಂತೆ ನೋಡಬೇಕು. ದವಡೆ ಎತ್ತರ ಪರೀಕ್ಷಿಸಿದೆವು. ಸುಮ್ಮನೆ ಕೂತಾಗ ಮೇಲಿನ ಕೆಳಗಿನ ಹಲ್ಲುಗಳ ನಡುವೆ ಎರಡರಿಂದ ನಾಲ್ಕು ಮಿಲಿಮೀಟರ್ ಜಾಗ ಇರಬೇಕು. ಅಷ್ಟು ಇಲ್ಲದಿದ್ದರೆ ಮಾತನಾಡುವಾಗ ಹಲ್ಲು ತಾಗಿ ಸದ್ದಾಗುತ್ತದೆ, ದವಡೆ ಸೋಲುತ್ತದೆ, ಒಸಡೆಲ್ಲ ನೋಯುತ್ತದೆ. ಮೇಷ್ಟ್ರ ಸೆಟ್ಟಿನಲ್ಲಿ ಅದು ಸರಿ ಇತ್ತು. ಮೇಲಿನ ಸೆಟ್ ಎಳೆದರೂ ಬರುತ್ತಿರಲಿಲ್ಲ. ಕೆಳಗಿನದು ಬಾಯಿ ಸ್ವಲ್ಪ ತೆರೆದಾಗ ನಿಲ್ಲುತ್ತಿತ್ತು, ಅವರು ಮಾತು ಶುರು ಮಾಡಿದರೆ ಏಳುತ್ತಿತ್ತು.

ಕೆಳಗಿನ ಸೆಟ್ಟಿನ ಕಷ್ಟ ಎಲ್ಲರದ್ದೂ. ಮೇಲಿನದು ಇಡೀ ಅಂಗುಳವನ್ನು ಮುಚ್ಚಿಕೊಂಡು, ಎಂಜಲಿನ ತೆಳು ಪದರದ ಮೇಲೆ ಗಾಳಿಯಾಡದಂತೆ ಹಿಡಿದು ಕೂರುತ್ತದೆ. ಕೆಳಗಿನದು ಕುದುರೆ ಲಾಳದ ಆಕಾರ. ಮಧ್ಯದಲ್ಲಿ ನಾಲಿಗೆಗೆ ಜಾಗ ಬಿಡಲೇಬೇಕು. ಒಸಡಿನ ಮೇಲೆ ಅದಕ್ಕೆ ಸಿಗುವ ಜಾಗ ಮೇಲಿನದರ ಸುಮಾರು ಅರ್ಧ. ಸುತ್ತಲೂ ನಾಲಿಗೆ, ಕೆನ್ನೆ, ತುಟಿ ಸದಾ ಅಲ್ಲಾಡುತ್ತಿರುತ್ತವೆ. ಹಾಗಾಗಿ ಕೆಳಗಿನ ಸೆಟ್ಟನ್ನು ಹಿಡಿದಿಡುವುದು ಮುಖ್ಯವಾಗಿ ಬಾಯಿಯ ಸ್ನಾಯುಗಳು. ಅವು ಅದನ್ನು ಕಲಿಯಬೇಕು.

ಬಾಯಿ ತೆರೆಸಿ ನಾಲಿಗೆ ನೋಡಿದೆ. ಬಾಯಿ ತೆರೆದ ತಕ್ಷಣ ಅವರ ನಾಲಿಗೆ ಹಿಂದಕ್ಕೆ ಸೇದಿಕೊಂಡು ಗುಡ್ಡೆಯಾಗುತ್ತಿತ್ತು. ನಾಲಿಗೆ ಹಿಂದೆ ಹೋದರೆ ಬಾಯಿಯ ತಳ ಏಳುತ್ತದೆ, ಸೆಟ್ಟಿನ ಒಳ ಅಂಚಿನಲ್ಲಿ ಗಾಳಿ ನುಗ್ಗುತ್ತದೆ, ಸೆಟ್ ತೇಲುತ್ತದೆ. ಬೇರೆ ಸೆಟ್ ಮಾಡಿಕೊಟ್ಟರೆ ಅದನ್ನೂ ಇದೇ ನಾಲಿಗೆ ಎತ್ತಿ ಹಾಕುತ್ತದೆ. ಹೊಸದು ಮಾಡುವುದು ಬೇಡ ಎಂದು ತೀರ್ಮಾನಿಸಿದ್ದು ಇದನ್ನು ನೋಡಿದ ಮೇಲೆ.

ಇಂಪ್ಲಾಂಟ್ ವಿಷಯವನ್ನು ಮಗನ ಜೊತೆ ಫೋನಿನಲ್ಲಿ ಬಿಡಿಸಿ ಮಾತನಾಡಿದೆ. ಅವರ ಯೋಚನೆ ತಪ್ಪಲ್ಲ. ಕೆಳದವಡೆಯಲ್ಲಿ ಎರಡು ಇಂಪ್ಲಾಂಟ್ ಹಾಕಿ, ಅದರ ಮೇಲೆ ಸೆಟ್ಟನ್ನು ಗುಂಡಿಯಂತೆ ಕೂರಿಸುವುದೇ ಮೊದಲ ಆಯ್ಕೆ ಆಗಬೇಕು ಎಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಒಮ್ಮತದ ಹೇಳಿಕೆಯನ್ನೇ ಕೊಟ್ಟಿದ್ದಾರೆ. ಆದರೆ ಮೇಷ್ಟ್ರ ಸಕ್ಕರೆ ಆಗ ಹತೋಟಿಯಲ್ಲಿರಲಿಲ್ಲ. ಅವರಿಗೆ ಮನಸ್ಸೂ ಇರಲಿಲ್ಲ. ಮೊದಲು ಈ ಸೆಟ್ಟಿಗೆ ಸರಿಯಾದ ಒಂದು ಅವಕಾಶ ಕೊಡೋಣ, ಎರಡು ತಿಂಗಳ ನಂತರವೂ ಆಗದಿದ್ದರೆ ಸಕ್ಕರೆ ತಹಬದಿಗೆ ತಂದು ಇಂಪ್ಲಾಂಟ್ ನೋಡೋಣ ಎಂದು ಮೂವರೂ ಒಪ್ಪಿದೆವು. ಹೀಗೆ ಒಂದು ಗಡುವು ಇಟ್ಟಿದ್ದು ಒಳ್ಳೆಯದಾಯಿತು. "ಇದೇ ಗತಿ" ಎಂಬ ಭಯ ಮೇಷ್ಟ್ರಿಗೆ ಉಳಿಯಲಿಲ್ಲ.

ನೋವು ಬೇರೆ, ಸಡಿಲ ಬೇರೆ

ಈ ಪ್ರಕರಣದಲ್ಲಿ ನಿಜವಾದ ತಿರುವು ಬಂದಿದ್ದು ಒಂದು ನೋಟ್‌ಬುಕ್ಕಿನಿಂದ. ಮೇಷ್ಟ್ರು ಬರೆಯುವ ಮನುಷ್ಯ. ಎಡಗಡೆ ಪುಟದಲ್ಲಿ ನೋವು ಮಾತ್ರ ಬರೆಯಿರಿ: ಎಲ್ಲಿ, ಯಾವಾಗ, ಏನು ತಿನ್ನುವಾಗ. ಬಲಗಡೆ ಪುಟದಲ್ಲಿ ಉಳಿದದ್ದೆಲ್ಲ: ಅಲ್ಲಾಡಿದ್ದು, ಸದ್ದಾಗಿದ್ದು, ಮಾತು ತೊದಲಿದ್ದು, ಎಂಜಲು ಜಾಸ್ತಿಯಾಗಿದ್ದು, ರುಚಿ ಗೊತ್ತಾಗದ್ದು. ಎಡಗಡೆ ಪುಟ ನಮ್ಮ ಕೆಲಸ, ಬಲಗಡೆ ಪುಟ ನಿಮ್ಮ ಕೆಲಸ ಎಂದೆ.

ಇದು ಯಾಕೆ ಮುಖ್ಯ ಅಂದರೆ, ಹೊಸದಾಗಿ ಹಲ್ಲು ಕಟ್ಟಿಸಿಕೊಂಡವರು ಎರಡನ್ನೂ ಕಲಸಿಬಿಡುತ್ತಾರೆ. ನೋವನ್ನು "ಅಭ್ಯಾಸ ಆದರೆ ಹೋಗುತ್ತೆ" ಎಂದು ಹಲ್ಲು ಕಚ್ಚಿ ಸಹಿಸುತ್ತಾರೆ. ಅದು ಹೋಗುವುದಿಲ್ಲ, ಹುಣ್ಣು ದೊಡ್ಡದಾಗುತ್ತದೆ. ಸಡಿಲವನ್ನು "ಡಾಕ್ಟ್ರು ಟೈಟ್ ಮಾಡಿಕೊಡಲಿ" ಎಂದು ಕಾಯುತ್ತಾರೆ. ಅದರಲ್ಲಿ ಹೆಚ್ಚಿನ ಪಾಲು ಡಾಕ್ಟರ ಕೈಯಲ್ಲಿ ಇರುವುದಿಲ್ಲ. ಸಹಿಸಬಾರದ್ದನ್ನು ಸಹಿಸಿ, ಅಭ್ಯಾಸ ಮಾಡಬೇಕಾದ್ದನ್ನು ಮಾಡದೆ ಕೊನೆಗೆ ಎರಡಕ್ಕೂ ಸೋಲುತ್ತಾರೆ.

ಎಡಗಡೆ ಪುಟದಲ್ಲಿ ಎರಡು ಜಾಗ ಪದೇ ಪದೇ ಬಂದವು. ಕೆಳಗಡೆ ಎಡಕ್ಕೆ, ನಾಲಿಗೆ ಕಡೆಯ ಒಳಬದಿ. ಇನ್ನೊಂದು ಕೆಳತುಟಿಯ ಒಳಗೆ, ತುಟಿಯನ್ನು ಒಸಡಿಗೆ ಹಿಡಿದಿರುವ ದಾರದಂಥ ಚರ್ಮದ ಹತ್ತಿರ. ಆದರೆ ಬಾಯಲ್ಲಿ ನೋಡಿದರೆ ಏನೂ ಕಾಣಲಿಲ್ಲ. ಕೇಳಿದಾಗ ಗೊತ್ತಾಯಿತು, ನೋವು ಅಂತ ಸೆಟ್ ತೆಗೆದಿಟ್ಟು ಮೂರು ದಿನ ಆಗಿತ್ತು. ಆಸ್ಪತ್ರೆಗೆ ಬರುವಾಗ ಬಸ್ಸಿನಿಂದ ಇಳಿದು ಹಾಕಿಕೊಂಡು ಬಂದಿದ್ದರು. ಅಷ್ಟರಲ್ಲಿ ಕೆಂಪು ಗುರುತು ಮಾಗಿಬಿಟ್ಟಿತ್ತು. ಗುರುತೇ ಇಲ್ಲದಿದ್ದರೆ ಎಲ್ಲಿ ಉಜ್ಜುವುದು? ಅಂದಾಜಿನಲ್ಲಿ ಉಜ್ಜಿದರೆ ಸೆಟ್ ಹಾಳು.

ಆ ದಿನ ಏನನ್ನೂ ಉಜ್ಜದೆ ಕಳಿಸಿದೆ. ಮೇಷ್ಟ್ರಿಗೆ ಬೇಜಾರಾಯಿತು, ಅಷ್ಟು ದೂರದಿಂದ ಬಂದಿದ್ದರು. ಆದರೂ ಅದೇ ಸರಿಯಾದ ನಿರ್ಧಾರ ಎಂದು ಈಗಲೂ ನಂಬಿದ್ದೇನೆ. ಮುಂದಿನ ಸಲ ಹಿಂದಿನ ಸಂಜೆಯೂ ಒಂದಿಷ್ಟು ಹೊತ್ತು, ಬರುವ ದಿನ ಬೆಳಗಿನಿಂದಲೂ ಹಾಕಿಕೊಂಡೇ ಬನ್ನಿ, ತಿಂಡಿಯನ್ನೂ ಅದರಲ್ಲೇ ತಿನ್ನಿ, ನೋವಾದರೂ ಆ ಒಂದು ಹೊತ್ತು ತಡೆದುಕೊಳ್ಳಿ ಎಂದೆ. ಹಾಗೇ ಬಂದರು. ಎರಡೂ ಜಾಗದಲ್ಲಿ ಕೆಂಪು ಗುರುತು ಸ್ಪಷ್ಟವಾಗಿತ್ತು. ಸೆಟ್ಟಿನ ಒಳಗೆ ಒತ್ತಡ ತೋರಿಸುವ ಪೇಸ್ಟ್ ಸವರಿ ಹಾಕಿಸಿದಾಗ ಅದೇ ಜಾಗದಲ್ಲಿ ಪೇಸ್ಟ್ ಒರೆಸಿಹೋಗಿ ಅಕ್ರಿಲಿಕ್ ಕಾಣಿಸಿತು. ಅಲ್ಲಿ ಮಾತ್ರ ಎಷ್ಟು ಬೇಕೋ ಅಷ್ಟು ತೆಗೆದು ನುಣುಪು ಮಾಡಿದೆವು. ಬಣ್ಣದ ಕಾಗದ ಕಚ್ಚಿಸಿ ನೋಡಿದಾಗ ಬಲಗಡೆ ಒಂದು ಹಲ್ಲು ಮೊದಲೇ ತಾಗುತ್ತಿತ್ತು, ಅದನ್ನೂ ಸಮ ಮಾಡಿದೆವು. ಒಂದೇ ಕಡೆ ಮೊದಲು ತಾಗಿದರೆ ಎದುರು ಬದಿಯಲ್ಲಿ ಸೆಟ್ ಏಳುತ್ತದೆ.

ಹುಣ್ಣು ಆರಲು ಒಂದು ವಾರ ಹಿಡಿಯಿತು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದಕ್ಕಿಂತ ನಿಧಾನವೂ ಆಗಬಹುದು. ಸೆಟ್ ತೆಗೆದಿಟ್ಟು ಎರಡು ವಾರವಾದರೂ ಬಾಯಲ್ಲಿ ಹುಣ್ಣು ಆರದಿದ್ದರೆ ಅದು ಸೆಟ್ಟಿನ ಹುಣ್ಣು ಎಂದು ಸುಮ್ಮನಿರಬಾರದು, ತೋರಿಸಲೇಬೇಕು. ಎಲೆ ಅಡಿಕೆ, ಹೊಗೆಸೊಪ್ಪು ಹಾಕುವವರಂತೂ ಒಂದು ದಿನವೂ ತಡ ಮಾಡಬಾರದು. ಅಡಿಕೆ ಅಗಿಯುವುದು ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ, ಅದರಲ್ಲಿ ಹೊಗೆಸೊಪ್ಪು ಇಲ್ಲದಿದ್ದರೂ ಅಷ್ಟೇ. ಮೇಷ್ಟ್ರಿಗೆ ಈ ಮಾತನ್ನು ಮುಚ್ಚುಮರೆ ಇಲ್ಲದೆ ಹೇಳಿದೆ. ಹಲ್ಲಿಲ್ಲದ ಎರಡೂವರೆ ತಿಂಗಳಲ್ಲಿ ಅಡಿಕೆ ತಾನಾಗಿ ಕಡಿಮೆಯಾಗಿತ್ತು. ಅದನ್ನು ಹಾಗೇ ಬಿಡುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ ಎಂದೆ. ಬಿಟ್ಟರು.

ಬಲಗಡೆ ಪುಟದ ಕೆಲಸ

ಮೊದಲು ನಾಲಿಗೆ. ಕೈಗನ್ನಡಿ ಹಿಡಿದು, ನಾಲಿಗೆಯ ತುದಿಯನ್ನು ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಗೆ ಮೆಲ್ಲಗೆ ತಾಗಿಸಿಟ್ಟು ಬಾಯಿ ತೆರೆಯುವುದು, ಮುಚ್ಚುವುದು. ಟಿವಿ ನೋಡುವಾಗ, ಜಗಲಿಯಲ್ಲಿ ಕೂತಾಗ, ಯಾವಾಗ ನೆನಪಾದರೆ ಆವಾಗ. ಇಷ್ಟೇ. ಕೇಳಲು ಬಹಳ ಸಣ್ಣ ವಿಷಯ, ಆದರೆ ಕೆಳಗಿನ ಸೆಟ್ಟಿನ ವಿಷಯದಲ್ಲಿ ಇದಕ್ಕಿಂತ ದೊಡ್ಡ ಮದ್ದು ನಾನು ಕಂಡಿಲ್ಲ.

ಎಂಜಲಿನ ದೂರು ಮೊದಲ ದಿನಗಳಲ್ಲಿ ಎಲ್ಲರಿಗೂ ಇರುತ್ತದೆ. ಬಾಯಿಗೆ ಏನೋ ಹೊಸದು ಬಂದಾಗ ಅದು ಊಟ ಎಂದುಕೊಂಡು ಎಂಜಲು ಜಾಸ್ತಿ ಸುರಿಯುತ್ತದೆ. ಮೇಷ್ಟ್ರು ಪದೇ ಪದೇ ಹೊರಗೆ ಹೋಗಿ ಉಗುಳುತ್ತಿದ್ದರು. ಉಗುಳಿದರೆ ಸೆಟ್ಟಿನ ಹಿಡಿತ ಬಿಡುತ್ತದೆ, ನುಂಗಿದರೆ ಕೂರುತ್ತದೆ. ನುಂಗಿ ಎಂದೆ. ಸ್ವಲ್ಪ ದಿನಕ್ಕೆ ಅದು ತಾನಾಗಿ ಇಳಿಯಿತು. ಕೆಲವರದು ಇದಕ್ಕೆ ಉಲ್ಟಾ. ಬಿಪಿ, ಅಲರ್ಜಿ, ನಿದ್ದೆ ಮಾತ್ರೆಗಳಿಂದ ಬಾಯಿ ಒಣಗಿರುತ್ತದೆ, ಎಂಜಲಿಲ್ಲದೆ ಮೇಲಿನ ಸೆಟ್ ಕೂಡ ನಿಲ್ಲುವುದಿಲ್ಲ. ಅಂಥವರು ಮಾತ್ರೆ ಬರೆದ ಡಾಕ್ಟರ ಹತ್ತಿರ ಈ ವಿಷಯ ಹೇಳಬೇಕು.

ಮಾತಿನ ಅಭ್ಯಾಸಕ್ಕೆ ಮೇಷ್ಟ್ರೇ ದಾರಿ ಹುಡುಕಿದರು. ದಿನ ಬೆಳಗ್ಗೆ ಪೇಪರನ್ನು ಗಟ್ಟಿಯಾಗಿ ಓದುವುದು ನನ್ನ ಸಲಹೆ. ಅವರು ಅದಕ್ಕೆ ಮಗ್ಗಿಯನ್ನೂ ಸೇರಿಸಿದರು, ವರ್ಣಮಾಲೆಯನ್ನೂ ಸೇರಿಸಿದರು. ಯಾವ ಅಕ್ಷರ ಎಡವುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದು ತಂದರು. ಇಷ್ಟು ಚೆನ್ನಾಗಿ ಬರೆದುಕೊಂಡು ಬಂದವರನ್ನು ನಾನು ನೋಡಿರಲಿಲ್ಲ. ಸ, ಶ, ಚ, ಜ ಹೇಳುವಾಗ ಗಾಳಿ ನಾಲಿಗೆಗೂ ಮುಂದಿನ ಅಂಗುಳಕ್ಕೂ ನಡುವೆ ಸಣ್ಣ ಸಂದಿಯಲ್ಲಿ ಹಾಯಬೇಕು. ಅಲ್ಲಿ ಈಗ ಅಕ್ರಿಲಿಕ್ ತಗಡು ಬಂದಿದೆ, ಸಂದಿ ಬದಲಾಗಿದೆ, ಅದಕ್ಕೇ ಸೀಟಿ. ವ, ಫ ಹೇಳಲು ಕೆಳತುಟಿ ಮೇಲಿನ ಹಲ್ಲನ್ನು ಹುಡುಕಬೇಕು. ಟ, ಡ, ಣ, ಳ ನಮ್ಮ ಭಾಷೆಯಲ್ಲಿ ಹೆಜ್ಜೆಗೊಂದು ಬರುತ್ತವೆ. ಇವುಗಳಿಗೆ ನಾಲಿಗೆ ಮಡಚಿ ಅಂಗುಳಕ್ಕೆ ತಾಗಬೇಕು, ಅಂಗುಳ ಈಗ ಒಂದಿಷ್ಟು ಕೆಳಗೆ ಬಂದಂತಾಗಿದೆ. "ಮಕ್ಕಳಾಟ", "ಹಳ್ಳಿ", "ಶಾಲೆ", "ಸಂಸ್ಥೆ" ಇಂಥ ಪದಗಳನ್ನು ಪಟ್ಟಿ ಮಾಡಿ ನಿಧಾನವಾಗಿ, ಆಮೇಲೆ ವೇಗವಾಗಿ ಹೇಳಿದರು. ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಟ್ಟ ಕ್ರಮವನ್ನೇ ತಮಗೂ ಹಾಕಿಕೊಂಡರು. ಮೂರನೇ ವಾರದ ಹೊತ್ತಿಗೆ ಸೀಟಿ ನಿಂತಿತ್ತು. ಳಕಾರ ಸರಿಹೋಗಲು ಇನ್ನೂ ಸಮಯ ಬೇಕಾಯಿತು.

ಊಟದ್ದೇ ದೊಡ್ಡ ಅಧ್ಯಾಯ. ಪೂರ್ತಿ ಸೆಟ್ ಹಾಕಿದವರ ಕಚ್ಚುವ ಬಲ ಸ್ವಂತ ಹಲ್ಲಿನದಕ್ಕೆ ಹೋಲಿಸಿದರೆ ನಾಲ್ಕನೇ ಒಂದು, ಐದನೇ ಒಂದು ಭಾಗ ಮಾತ್ರ. ಇದನ್ನು ಹಲ್ಲು ಕೀಳುವ ಮೊದಲೇ ಹೇಳಬೇಕು. ಹೇಳದಿದ್ದರೆ ಜನ ಹಳೆಯ ಹಲ್ಲೇ ವಾಪಸ್ ಬರುತ್ತದೆ ಎಂದುಕೊಂಡಿರುತ್ತಾರೆ.

ಅಡುಗೆಮನೆ ಹೆಂಡತಿಯ ಕೈಯಲ್ಲಿತ್ತು, ಹಾಗಾಗಿ ಅವರ ಜೊತೆಯೇ ಕೂತು ಮಾತಾಡಿದೆವು. ಮೊದಲ ದಿನಗಳಲ್ಲಿ ಗಂಜಿ, ಸಾಂಬಾರಿನಲ್ಲಿ ನೆನೆದ ಇಡ್ಲಿ, ಮೆತ್ತಗೆ ಬೆಂದ ಅನ್ನ ಸಾರು, ಮೊಸರನ್ನ. ನಂತರ ಉಪ್ಪಿಟ್ಟು, ಬೆಂದ ಕುಂಬಳಕಾಯಿ, ಹುರುಳಿಕಾಯಿ ಪಲ್ಯ. ಅದು ಸಲೀಸಾದ ಮೇಲೆ ಚಪಾತಿ ಚೂರು, ಬೆಂದ ಅವರೆಕಾಳು. ಮುಂದಿನ ಹಲ್ಲಿನಿಂದ ಕಚ್ಚಿ ಎಳೆಯುವ ಹಾಗಿಲ್ಲ, ಕಚ್ಚಿದರೆ ಸೆಟ್ಟಿನ ಹಿಂಭಾಗ ಏಳುತ್ತದೆ. ಸೀಬೆ, ಜೋಳದ ತೆನೆ, ಕಬ್ಬು ಎಲ್ಲ ಆ ಲೆಕ್ಕಕ್ಕೆ. ಹಣ್ಣನ್ನು ತೆಳುವಾಗಿ ಹೆಚ್ಚಿ ಬಾಯಿಯ ಪಕ್ಕಕ್ಕೆ ಇಟ್ಟುಕೊಳ್ಳಬೇಕು. ತುತ್ತನ್ನು ನಾಲಿಗೆಯಿಂದ ಎರಡು ಪಾಲು ಮಾಡಿ ಎರಡೂ ಕಡೆ ಒಟ್ಟಿಗೆ ಅಗಿಯಬೇಕು. ಜೀವಮಾನವೆಲ್ಲ ಒಂದೇ ಕಡೆ ಅಗಿದವರಿಗೆ ಇದು ಕಷ್ಟ, ಆದರೆ ಸೆಟ್ ಎರಡೂ ಕಡೆ ಸಮನಾಗಿ ಒತ್ತಿದರೆ ಮಾತ್ರ ಸ್ಥಿರವಾಗಿ ಕೂರುತ್ತದೆ.

ಮುದ್ದೆ ಸುಲಭ ಎಂದು ಎಲ್ಲರೂ ಅಂದುಕೊಂಡಿದ್ದೆವು. ಮೇಷ್ಟ್ರಿಗೆ ಅದೇ ಕಷ್ಟವಾಯಿತು. ಅಂಗುಳ ಮುಚ್ಚಿರುವುದರಿಂದ ತುತ್ತು ಎಷ್ಟು ದೊಡ್ಡದು, ಎಲ್ಲಿದೆ ಎಂದು ತಿಳಿಯುತ್ತಿರಲಿಲ್ಲ, ಗಂಟಲಿಗೆ ಹಿಡಿದಂತಾಗುತ್ತಿತ್ತು. ತುತ್ತನ್ನು ಅರ್ಧಕ್ಕೆ ಇಳಿಸಿ, ಸೊಪ್ಪಿನ ಸಾರಿನಲ್ಲಿ ಚೆನ್ನಾಗಿ ಅದ್ದಿ ನುಂಗಲು ಶುರು ಮಾಡಿದ ಮೇಲೆ ಸರಿಹೋಯಿತು. ಬಿಸಿಯ ವಿಷಯವೂ ಹೀಗೇ. ಅಂಗುಳಕ್ಕೆ ಬಿಸಿ ತಿಳಿಯದೆ ಕಾಫಿ ನೇರ ಗಂಟಲಿಗೆ ಇಳಿದು ಸುಡಬಹುದು. ಮೊದಲು ತುಟಿಗೆ ತಾಗಿಸಿ ನೋಡಿ ಎಂದು ಹೇಳಿದ್ದೆ. ರುಚಿ ಗೊತ್ತಾಗುವುದಿಲ್ಲ ಎಂಬ ದೂರು ತಿಂಗಳೊಳಗೆ ತಾನಾಗಿ ಹೋಯಿತು, ಯಾಕೆಂದರೆ ರುಚಿ ಹಿಡಿಯುವುದು ಬಹುಮಟ್ಟಿಗೆ ನಾಲಿಗೆಯೇ.

ರಾತ್ರಿ ಸೆಟ್ ತೆಗೆದು ನೀರಿನಲ್ಲಿ ಇಡಬೇಕು, ಒಸಡಿಗೆ ಉಸಿರಾಡಲು ಹೊತ್ತು ಬೇಕು. ಹಗಲು ರಾತ್ರಿ ಹಾಕಿಕೊಂಡೇ ಇದ್ದರೆ ಮೇಲಿನ ಸೆಟ್ಟಿನ ಕೆಳಗೆ ಬೂಷ್ಟು ಬೆಳೆದು ಅಂಗುಳ ಕೆಂಪಾಗುತ್ತದೆ, ಸಕ್ಕರೆ ಇರುವವರಲ್ಲಿ ಇನ್ನೂ ಬೇಗ. ಮೆದು ಬ್ರಷ್, ಸಾಬೂನು ನೀರು ಸಾಕು. ಟೂತ್‌ಪೇಸ್ಟ್ ಗೀರು ಹಾಕುತ್ತದೆ, ಕುದಿಯುವ ನೀರು ಸೆಟ್ಟನ್ನು ಸೊಟ್ಟ ಮಾಡುತ್ತದೆ. ತೊಳೆಯುವಾಗ ಕೆಳಗೆ ಒಂದು ಬೋಗುಣಿ ನೀರು ಇಟ್ಟುಕೊಂಡರೆ ಕೈ ಜಾರಿದರೂ ಒಡೆಯುವುದಿಲ್ಲ.

ಏನಾಯಿತು

ಎರಡು ತಿಂಗಳ ಗಡುವು ಮುಗಿದಾಗ ಮೇಷ್ಟ್ರು ಹಗಲೆಲ್ಲ ಎರಡೂ ಸೆಟ್ ಹಾಕಿಕೊಂಡು ಇರುತ್ತಿದ್ದರು. ಊಟಕ್ಕೂ ತೆಗೆಯುತ್ತಿರಲಿಲ್ಲ. ಸಂಬಂಧಿಕರ ಮದುವೆಯಲ್ಲಿ ಎಲೆಯ ಮುಂದೆ ಕೂತು ಕೋಸಂಬರಿ, ಚಿತ್ರಾನ್ನ, ಹೋಳಿಗೆ ತಿಂದು ಬಂದರು. ಕೋಸಂಬರಿಯ ಹೆಸರುಬೇಳೆ ಸೆಟ್ಟಿನ ಕೆಳಗೆ ಸೇರಿ ಎದ್ದು ಹೋಗಿ ತೊಳೆದುಕೊಂಡು ಬರಬೇಕಾಯಿತು, ಅಷ್ಟೇ. ಸಂಕ್ರಾಂತಿಯಲ್ಲಿ ಎಳ್ಳು ಬೆಲ್ಲ ಬೇಡವೇ ಬೇಡ ಎಂದು ಮೊದಲೇ ಹೇಳಿದ್ದೆ, ಎಳ್ಳಿನ ಒಂದು ಕಾಳು ಸೆಟ್ಟಿನ ಕೆಳಗೆ ಸೇರಿದರೂ ಜೀವ ಹೋದ ಹಾಗಾಗುತ್ತದೆ. ಹೆಂಡತಿ ಅದನ್ನು ಪುಡಿ ಮಾಡಿಕೊಟ್ಟರಂತೆ.

ಮಾತು ಊರಿನ ಸಣ್ಣ ಸಭೆಗಳಿಂದ ಮತ್ತೆ ಶುರುವಾಯಿತು. ದೊಡ್ಡ ವೇದಿಕೆಗೆ ಹೋಗುವಾಗ ಈಗಲೂ ಕೆಳಗಿನ ಸೆಟ್ಟಿಗೆ ಅಂಟು ಪುಡಿ ಒಂದು ಚಿಟಿಕೆ ಹಾಕಿಕೊಳ್ಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಸರಿಯಾಗಿ ಕೂರುವ ಸೆಟ್ಟಿಗೆ ಪುಡಿ ಒಂದು ಧೈರ್ಯ, ಕೂರದ ಸೆಟ್ಟಿಗೆ ಅದು ಪರಿಹಾರವಲ್ಲ.

ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಕೈಬಿಟ್ಟರು. ಕೆಳಗಿನ ಸೆಟ್ ಮೇಲಿನದರಷ್ಟು ಗಟ್ಟಿ ಯಾವತ್ತೂ ಆಗಲಿಲ್ಲ, ಆಗುವುದೂ ಇಲ್ಲ. ಒಂಬತ್ತು ತಿಂಗಳ ನಂತರ ಮತ್ತೆ ಸಡಿಲ ಎಂದು ಬಂದರು. ಈ ಸಲದ ಸಡಿಲ ಮಾತ್ರ ನಮ್ಮ ಕೆಲಸ. ಹಲ್ಲು ಕಿತ್ತ ಮೊದಲ ವರ್ಷ ಒಸಡಿನ ಮೂಳೆ ಬೇಗ ಬೇಗ ಕರಗುತ್ತದೆ, ಅದರಲ್ಲೂ ಕೆಳದವಡೆಯಲ್ಲಿ ಜಾಸ್ತಿ. ಒಸಡು ಇಳಿದು, ಸೆಟ್ಟಿಗೂ ಒಸಡಿಗೂ ನಡುವೆ ಸಂದಿ ಬಿದ್ದಿತ್ತು. ಒಳಗೆ ಹೊಸ ಪದರ ಕೂರಿಸಿ ಸಂದಿ ತುಂಬಿಕೊಟ್ಟೆವು.

ಬೇರೆಯವರಿಗೆ ಇದರಿಂದ ಸಿಗುವುದು

ನನ್ನ ಮಟ್ಟಿಗೆ ಮೂರು ನಿರ್ಧಾರಗಳು ಈ ಪ್ರಕರಣವನ್ನು ಉಳಿಸಿದವು. ಹೊಸ ಸೆಟ್ ಮಾಡಲು ಹೋಗದೆ ನಾಲಿಗೆಯನ್ನು ನೋಡಿದ್ದು ಒಂದು. ಗುರುತು ಕಾಣದ ದಿನ ಏನನ್ನೂ ಉಜ್ಜದೆ ಕಳಿಸಿದ್ದು ಇನ್ನೊಂದು. ಹೆಂಡತಿಯನ್ನು ಪ್ರತಿ ಮಾತಿಗೂ ಒಳಗೆ ಕೂರಿಸಿಕೊಂಡಿದ್ದು ಮತ್ತೊಂದು. ಊಟಕ್ಕೆ ಸೆಟ್ ತೆಗೆಯುತ್ತಾರೆ ಎಂಬ ವಿಷಯ ಮೇಷ್ಟ್ರ ಬಾಯಿಂದ ನಮಗೆ ಯಾವತ್ತೂ ಬರುತ್ತಿರಲಿಲ್ಲ.

ಮದುವೆ, ಗೃಹಪ್ರವೇಶ, ಸಮಾರಂಭದ ದಿನ ನೋಡಿ ಹಲ್ಲು ಕಟ್ಟಿಸಲು ಬರುವವರಿಗೆ ನಾನು ಈಗ ಕೇಳುವುದು ಒಂದೇ: ಆ ದಿನಕ್ಕಿಂತ ಎರಡು ತಿಂಗಳು ಮುಂಚೆ ಸೆಟ್ ಕೈಗೆ ಸಿಗುವ ಹಾಗೆ ಬನ್ನಿ. ಹಾಗೆ ಬರಲು ಆಗದಿದ್ದರೆ ಸಮಾರಂಭ ಮುಗಿಸಿಕೊಂಡೇ ಬನ್ನಿ.

ನಮ್ಮ ರಾಜ್ಯದಲ್ಲಿ ದಂತ ಭಾಗ್ಯ ಯೋಜನೆಯಡಿ ಬಡ ಕುಟುಂಬದ ಹಿರಿಯರಿಗೆ ಡೆಂಟಲ್ ಕಾಲೇಜುಗಳ ಮೂಲಕ ಉಚಿತವಾಗಿ ಸೆಟ್ ಮಾಡಿಕೊಡುವ ವ್ಯವಸ್ಥೆ ಬಂದಿದ್ದು ದೊಡ್ಡ ವಿಷಯ. ಆದರೆ ಸೆಟ್ ಕೈಗೆ ಬಂದ ದಿನ ಕೆಲಸ ಮುಗಿಯುವುದಿಲ್ಲ, ಶುರುವಾಗುತ್ತದೆ. ಮರುದಿನ ಒಮ್ಮೆ, ಮೂರನೇ ದಿನ ಒಮ್ಮೆ, ವಾರಕ್ಕೊಮ್ಮೆ ತೋರಿಸಬೇಕು. ದೂರದ ಹಳ್ಳಿಯಿಂದ ಬರುವ ಅಜ್ಜಿಗೆ ಅಷ್ಟು ಸಲ ಬಸ್ ಹತ್ತುವುದು, ಜೊತೆಗೆ ಬರುವ ಮಗ ಅಷ್ಟು ದಿನದ ಕೂಲಿ ಬಿಡುವುದು ಸಣ್ಣ ಮಾತಲ್ಲ. ಈ ಓಡಾಟದ ಖರ್ಚನ್ನೂ ಸೆಟ್ಟಿನ ಖರ್ಚಿನ ಜೊತೆಯಲ್ಲೇ ಲೆಕ್ಕ ಹಾಕಬೇಕು, ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲೇ ಮುಂದಿನ ತಪಾಸಣೆ ಆಗುವ ಹಾಗಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೇಷ್ಟ್ರು ಈಗ ವರ್ಷಕ್ಕೊಮ್ಮೆ ಬರುತ್ತಾರೆ. ನೋವಿರಲಿ, ಇಲ್ಲದಿರಲಿ. ಒಸಡು, ಅಂಗುಳ, ನಾಲಿಗೆಯ ಅಡಿ ಎಲ್ಲ ನೋಡಿ, ಹಲ್ಲು ಸವೆದಿದೆಯೇ ಎಂದು ಪರೀಕ್ಷಿಸಿ ಕಳಿಸುತ್ತೇವೆ. ಅವರ ಸಕ್ಕರೆ ಈಗ ಹತೋಟಿಯಲ್ಲಿದೆ. ಕೆಳದವಡೆಯ ಮೂಳೆ ಇನ್ನಷ್ಟು ಇಳಿದು ಹೊಸ ಸೆಟ್ ಮಾಡಲೇಬೇಕಾದ ದಿನ ಬಂದರೆ, ಎರಡು ಇಂಪ್ಲಾಂಟ್ ವಿಷಯವನ್ನು ಮತ್ತೆ ತೆಗೆಯೋಣ ಎಂದು ಮಗನ ಎದುರಿಗೇ ಮಾತಾಡಿಕೊಂಡಿದ್ದೇವೆ. ಮೇಷ್ಟ್ರು ಇನ್ನೂ ಹೂಂ ಅಂದಿಲ್ಲ.